ರಾಜಿ ಪಂಚಾಯ್ತಿ ಮುಗಿದ ಮೇಲೆ ಏನು?

ಸಂಪಾದಕರಿಗೆ,

ಮಾನ್ಯರೆ,

ಸಂಸಾರದ ಜಗಳ ಠಾಣೆ ಮೆಟ್ಟಿಲು ಹತ್ತಿದರೆ ಸುದ್ದಿಯಾಗುತ್ತದೆ, ಕೋರ್ಟಿನಲ್ಲಿ ತೀರ್ಪಾದರೂ ಸುದ್ದಿಯಾಗುತ್ತದೆ. ಆಮೇಲೆ ಆ ಹೆಂಗಸು, ಆ ಗಂಡಸು ಹೇಗಿದ್ದಾರೆಂದು ಯಾರೂ ಬರೆಯುವುದಿಲ್ಲ. ವಿಚ್ಛೇದನವಿರಲಿ, ಸಾವಿರಲಿ, ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯವಿರಲಿ, ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಂಡ ದಣಿವಿರಲಿ, ಎಲ್ಲ ಮುಗಿದ ಮೇಲೆ ಬಹಳ ಜನ ಹೇಳುವುದು ಒಂದೇ ಮಾತು: ‘ನಾನು ಮುಂಚೆ ಹೇಗಿದ್ದೆ ಅನ್ನೋದೇ ಮರೆತುಹೋಗಿದೆ.’ ಕೋಲಾರ ಜಿಲ್ಲೆಯಲ್ಲಿ ಕುಟುಂಬ ಸಮಾಲೋಚನೆಯ ಕೆಲಸ ಮಾಡುವ ನಾವು ಅಂಥವರಿಗಾಗಿ, ಅವರ ಮನೆಯವರಿಗಾಗಿ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ಕಡೆ ಈ ಹೊತ್ತಿನಲ್ಲಿ ಎಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ಮೂರು ತಿಂಗಳು ಕಳೆಯುವುದರೊಳಗೆ ಎರಡನೇ ಮದುವೆ, ಜಮೀನು ಮಾರಾಟ, ಊರು ಬಿಡುವ ಮಾತು ಶುರುವಾಗುತ್ತದೆ. ರಾತ್ರಿ ನಿದ್ದೆ ಬರುತ್ತಿದೆಯೇ, ಹೊಟ್ಟೆಗೆ ಅನ್ನ ಸೇರುತ್ತಿದೆಯೇ ಎಂದು ಕೇಳುವವರಿಲ್ಲ. ಮೊದಲು ಮೈ ಸುಧಾರಿಸಬೇಕು, ಆಮೇಲೆ ದಿನಚರಿ, ಅದಾದ ಮೇಲೆ ಕಾಗದಪತ್ರ ಮತ್ತು ದುಡ್ಡು. ದೊಡ್ಡ ತೀರ್ಮಾನಗಳು ಕೊನೆಗಿರಲಿ. ಹೊಡೆತ ಬಡಿತ ಇನ್ನೂ ನಡೆಯುತ್ತಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಆಗ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನು ಮಾಡಿ ಸುರಕ್ಷಿತ ಜಾಗ ಸೇರುವುದೇ ಮೊದಲ ಕೆಲಸ.

ಸುಸ್ತು, ಮರೆವು, ಯಾವುದೂ ಬೇಡವೆನಿಸುವುದು ಸಂಕಟದಿಂದಲೂ ಬರುತ್ತದೆ, ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ. ಹಾಗಾಗಿ ಮೊದಲು ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12, ಶುಗರ್ ಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ 8ಕ್ಕೆ ಇಳಿದಿರುವ ಹೆಂಗಸಿಗೆ ‘ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ’ ಎನ್ನುವುದು ಅನ್ಯಾಯ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕನಿಷ್ಠ ಒಂದು ಗಂಟೆ ಅಂತರವಿರಲಿ.

ನಿದ್ದೆಯ ವಿಷಯದಲ್ಲಿ ಎಲ್ಲರೂ ಬೇಗ ಮಲಗಲು ಹೆಣಗುತ್ತಾರೆ. ಗಟ್ಟಿ ಮಾಡಬೇಕಾದದ್ದು ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಅದು ಆಗಲೇ ಗಟ್ಟಿಯಾಗಿರುತ್ತದೆ, ಅದನ್ನೇ ಹಿಡಿದುಕೊಳ್ಳಬಹುದು. ಮಧ್ಯಾಹ್ನ 3ರ ನಂತರ ಕಾಫಿ, ಟೀ ಬೇಡ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಕೂತು, ಜೋಂಪು ಬಂದ ಮೇಲೆಯೇ ಮತ್ತೆ ಮಲಗಬೇಕು. ಹೊರಳಾಡುತ್ತಾ ಬಿದ್ದಿದ್ದರೆ ಹಾಸಿಗೆ ಅಂದರೇ ಚಿಂತೆ ಎಂಬ ಅಭ್ಯಾಸ ಮೈಗೆ ಹತ್ತಿಬಿಡುತ್ತದೆ. ರೇಷ್ಮೆ ಹುಳು ಸಾಕುವವರು ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ವಾರದಲ್ಲಿ ಇದನ್ನು ಶುರು ಮಾಡಬೇಡಿ. ಸೊಪ್ಪು ಹಾಕುವ ಆ ರಾತ್ರಿಗಳಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ.

ಎರಡು ವಾರ ದಾಟಿದರೂ ದಿನದ ಬಹುಪಾಲು ಮಂಕು ಕವಿದೇ ಇದ್ದರೆ ವೈದ್ಯರಿಗೆ ತೋರಿಸಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಹೊಟ್ಟೆ ತೊಳಸುವುದು, ಚಡಪಡಿಕೆ ಮಾತ್ರ ಮೊದಲ ವಾರದಲ್ಲೇ ಬರುತ್ತದೆ. ಬಹಳ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹುಷಾರಾದ ತಕ್ಷಣ ತಾವಾಗಿಯೇ ನಿಲ್ಲಿಸಿ, ತಲೆಸುತ್ತು ಬಂದು, ‘ಮಾತ್ರೆ ಚಟವಾಗಿದೆ’ ಎಂದು ಹೆದರುತ್ತಾರೆ. ಅದು ಚಟವಲ್ಲ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆಸ್ಪತ್ರೆಗೆ ಹೋಗಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನಮ್ಮಲ್ಲಿ ಮನೆಮಾತು ತೆಲುಗು ಇರುವವರು ಬಹಳ. ದುಃಖ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಹೇಳಿಕೊಳ್ಳಲಿ. ಅಲ್ಲಿ ಕನ್ನಡವೂ ಇದೆ, ತೆಲುಗೂ ಇದೆ.

ಗಂಡಸರಿಗೆ ಒಂದು ಎಚ್ಚರಿಕೆ. ದಿನಾ ಕುಡಿಯುತ್ತಿದ್ದವರು ಅಯ್ಯಪ್ಪ ಮಾಲೆ ಹಾಕಿದ ದಿನವೇ ಪೂರ್ತಿ ನಿಲ್ಲಿಸುವುದುಂಟು. ಸಂಕಲ್ಪ ದೊಡ್ಡದೇ. ಆದರೆ ಒಮ್ಮೆಲೇ ಬಿಟ್ಟರೆ ಮೊದಲ ಮೂರು ನಾಲ್ಕು ದಿನಗಳಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಪ್ರಾಣಕ್ಕೂ ಅಪಾಯ. ಮಾಲೆ ಹಾಕುವುದಕ್ಕೆ ಮುಂಚೆ ವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಂಡು ಬಿಡುವುದು ಕ್ಷೇಮ. ಇನ್ನೊಂದು, ಟೊಮೇಟೊ ಬೆಳೆಯುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಂಚದ ಕೆಳಗೇ ಇರುತ್ತದೆ. ಮನೆಯಲ್ಲಿ ಯಾರಾದರೂ ‘ಇದ್ದು ಏನು ಮಾಡಲಿ’ ಎನ್ನತೊಡಗಿದ ದಿನವೇ ಅದನ್ನು ಬೀಗ ಹಾಕಿ ಬೇರೆಯವರ ಸುಪರ್ದಿಗೆ ಕೊಡಿ. ಅವರನ್ನು ಒಬ್ಬರೇ ಬಿಡಬೇಡಿ, 14416ಕ್ಕೆ ಕರೆ ಮಾಡಿ.

ಇನ್ನು ದಿನಚರಿ. ಮನಸ್ಸು ಸರಿಹೋದ ಮೇಲೆ ಏನಾದರೂ ಮಾಡೋಣವೆಂದು ಕಾಯುವವರೇ ಹೆಚ್ಚು. ಆಗುವುದು ಉಲ್ಟಾ: ಕೆಲಸ ಮುಂದೆ ಹೋಗುತ್ತದೆ, ಮನಸ್ಸು ಹಿಂದೆ ಬರುತ್ತದೆ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಮೊದಲ ವಾರ ಏನನ್ನೂ ಬದಲಿಸದೆ ಹೊತ್ತು, ಕೆಲಸ, ಆಗ ಮನಸ್ಸು ಹತ್ತರಲ್ಲಿ ಎಷ್ಟು ಹಗುರವಾಗಿತ್ತು ಎಂಬುದನ್ನಷ್ಟೇ ಬರೆಯಬೇಕು. ಉದಾಹರಣೆಗೆ: ಬೆಳಿಗ್ಗೆ 7, ಡೇರಿಯಿಂದ ವಾಪಸು, 3. ಹನ್ನೊಂದಕ್ಕೆ ಒಬ್ಬಳೇ ಕೂತು ಅವರೆಕಾಯಿ ಬಿಡಿಸಿದ್ದು, 5. ಮಧ್ಯಾಹ್ನ 2, ಅಕ್ಕನ ಫೋನು, 1. ಸಂಜೆ ಹೊಂಗೆಮರದ ಕೆಳಗೆ ಪಕ್ಕದ ಮನೆ ಮಗುವಿನ ಜೊತೆ, 6. ಇಂಥ ಒಂದು ಪುಟ ಎಷ್ಟೋ ಬುದ್ಧಿಮಾತು ಹೇಳದ್ದನ್ನು ಹೇಳುತ್ತದೆ: ಸಮಾಧಾನ ಹೇಳಲೆಂದು ಬರುವ ಫೋನೇ ಕುಗ್ಗಿಸುತ್ತಿದೆ! ಆಗಿಂದಾಗ್ಗೆ ಬರೆಯಬೇಕು. ರಾತ್ರಿ ಒಟ್ಟಿಗೆ ಬರೆದರೆ ಆ ಹೊತ್ತಿನ ಮಂಕು ಇಡೀ ದಿನಕ್ಕೆ ಬಳಿದುಕೊಳ್ಳುತ್ತದೆ.

ಎರಡನೇ ವಾರದಿಂದ ದಿನಕ್ಕೆ ಎರಡು ಕೆಲಸ ಸೇರಿಸಿ, ಒಂದು ಹಿತವಾಗುವಂಥದ್ದು, ಇನ್ನೊಂದು ಮುಗಿಯಿತು ಎನ್ನಿಸುವಂಥದ್ದು. ಒಂದೊಂದೂ ಹತ್ತೇ ನಿಮಿಷ, ‘ಹಾಲು ಹಾಕಿ ಬಂದ ಕೂಡಲೆ’ ಎಂಬಂತೆ ಇರುವ ಕೆಲಸಕ್ಕೇ ಗಂಟು ಹಾಕಿರಬೇಕು. ಆಗದಿದ್ದರೆ ಬಿಡಬಾರದು, ಐದು ನಿಮಿಷಕ್ಕೆ ಇಳಿಸಬೇಕು. ಮೊದಲ ದಿನವೇ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತೇನೆಂದು ಹೊರಟವರು ಮೂರನೇ ದಿನ ಮತ್ತೆ ಹಾಸಿಗೆಯಲ್ಲಿರುತ್ತಾರೆ.

ಏನು ಮಾಡಬೇಕೆಂದೇ ತೋಚದಿದ್ದರೆ ಹನ್ನೆರಡನೇ ವಯಸ್ಸಿನಲ್ಲಿ, ಹದಿನೆಂಟರಲ್ಲಿ, ಮದುವೆಯ ಹಿಂದಿನ ವರ್ಷ ಏನು ಇಷ್ಟವಿತ್ತೆಂದು ಬರೆಯಿರಿ. ನೆನಪಾಗದಿದ್ದರೆ ಶಾಲೆಯ ಗೆಳತಿಯನ್ನು ಕೇಳಿ. ಕೆಲವು ಬಿಟ್ಟುಹೋಗಿದ್ದು ಪುರುಸೊತ್ತಿಲ್ಲದೆ, ಇನ್ನು ಕೆಲವು ಯಾರೋ ಹೀಯಾಳಿಸಿದ್ದಕ್ಕೆ. ಹೀಯಾಳಿಸಿದ್ದಕ್ಕೆ ಬಿಟ್ಟದ್ದನ್ನು ಅದೇ ಮನೆಯೊಳಗೆ ಮತ್ತೆ ಶುರು ಮಾಡುವುದು ಕಷ್ಟ. ಹಾಡಾದರೆ ಭಜನೆ ಮಂಡಳಿ, ಓದಾದರೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಹೊಲಿಗೆಯಾದರೆ ಊಟ ವಸತಿ ಸಮೇತ ಉಚಿತವಾಗಿ ಕಲಿಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ಆರ್‌ಸೆಟಿ, ಹೀಗೆ ಹೊರಗಿನ ಜಾಗ ಹುಡುಕಿಕೊಳ್ಳಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲದಿರುವುದು ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ.

ಕಾಗದಪತ್ರದಲ್ಲಿ ಎಲ್ಲರೂ ಮರೆಯುವುದು ಫೋನ್ ನಂಬರು. ಖಾತೆ ಹೆಂಗಸಿನದು, ಒಟಿಪಿ ಹೋಗುವುದು ಗಂಡನ ಮೊಬೈಲಿಗೆ. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು, ಆಧಾರ್ ಕೇಂದ್ರಕ್ಕೆ ಹೋಗಿ ತನ್ನ ನಂಬರು ಸೇರಿಸಿ, ಎಟಿಎಂ ಪಿನ್ ಬದಲಿಸಬೇಕು. ಹಸು ಕರೆಯುವುದು ಅವಳು, ಡೇರಿಯ ಸದಸ್ಯತ್ವ ಮಾವನ ಹೆಸರಲ್ಲಿ, ಬಟವಾಡೆಯೂ ಅವರಿಗೇ. ತನ್ನ ಹೆಸರಲ್ಲಿ ಹಾಲು ಹಾಕಲು ಏನು ಮಾಡಬೇಕೆಂದು ಸಂಘದ ಕಾರ್ಯದರ್ಶಿಯನ್ನು ಕೇಳಬಹುದು. ಬೆಂಗಳೂರಿನ ಹೆದ್ದಾರಿ ಪಕ್ಕದ ಜಮೀನಿಗೆ ಬೆಲೆ ಬಂದಿರುವ ಈ ಕಾಲದಲ್ಲಿ, ದುಃಖದಲ್ಲಿರುವ ಹೆಣ್ಣುಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆದೇ ಇದೆ. ನೋಂದಣಿಯಾದ ಪತ್ರವನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಯಾರೇ ಒತ್ತಾಯಿಸಲಿ, ವಕೀಲರು ಓದುವ ತನಕ ಸಹಿ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ನಮ್ಮ ಕೋರಿಕೆ ಎರಡು. ತಾಲ್ಲೂಕುವಾರು ಮನೋವೈದ್ಯರು ಬರುವ ದಿನಗಳನ್ನು ತಿಂಗಳ ಮೊದಲ ವಾರ ಜಿಲ್ಲಾ ಪುಟದಲ್ಲಿ ಪ್ರಕಟಿಸಿ. ಆ ದಿನವನ್ನು, 14416 ಮತ್ತು 181 ನಂಬರುಗಳನ್ನು ಪ್ರತಿ ಹಳ್ಳಿಯ ಡೇರಿ ಗೋಡೆಯ ಮೇಲೆ ಬರೆಸುವಂತೆ ಜಿಲ್ಲಾಡಳಿತವನ್ನು ಒತ್ತಾಯಿಸಿ. ಬೆಳಿಗ್ಗೆ ಸಂಜೆ ಹೆಂಗಸರೂ ಗಂಡಸರೂ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ಜಾಗ ಅದೊಂದೇ.

ಇಂತಿ,
ಕೆಲವು ಕುಟುಂಬ ಸಮಾಲೋಚಕರು, ಕೋಲಾರ