ಕಾಫಿ ಪುಡಿ ಪೊಟ್ಟಣದ ಮೇಲೆ ಕೆಫೀನ್ ಪ್ರಮಾಣವೂ ಇರಲಿ

ಮಾನ್ಯರೇ,

ಪರೀಕ್ಷೆ ಹತ್ತಿರ ಬಂತೆಂದರೆ ರಾತ್ರಿ ಓದುವ ಮಕ್ಕಳಿಗೆ ಒಂಬತ್ತು ಗಂಟೆಯ ಮೇಲೆ ಸ್ಟ್ರಾಂಗ್ ಕಾಫಿ ಮಾಡಿಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಇದರಿಂದ ಓದಿಗೇ ನಷ್ಟ.

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನ ಕೋಶಗಳು ಎಟಿಪಿ ಎಂಬ ಇಂಧನವನ್ನು ಖರ್ಚು ಮಾಡುತ್ತಿರುತ್ತವೆ. ಅದು ಒಡೆದು ಬರುವ ಅಡೆನೊಸಿನ್ ಗಂಟೆಗಂಟೆಗೂ ಜಮೆಯಾಗುತ್ತಾ, ಕೋಶಗಳ ಮೇಲೆ ಅದಕ್ಕೆಂದೇ ಇರುವ ಎ1 ಮತ್ತು ಎ2ಎ ಎಂಬ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ತೂಕಡಿಕೆ ತರಿಸುತ್ತದೆ. ಕಾಫಿ, ಚಹಾಗಳಲ್ಲಿರುವ ಉತ್ತೇಜಕವಾದ ಕೆಫೀನ್ ಈ ಅಡೆನೊಸಿನ್ ಅನ್ನು ಕರಗಿಸುವುದಿಲ್ಲ. ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ, ಅಷ್ಟೆ. ಎ2ಎ ಗ್ರಾಹಕವೇ ಇಲ್ಲದ ಇಲಿಗಳಿಗೆ ಕೆಫೀನ್ ಕೊಟ್ಟರೂ ಎಚ್ಚರ ಹೆಚ್ಚಲಿಲ್ಲವೆಂದು 2005ರ ಪ್ರಯೋಗವೊಂದು ತೋರಿಸಿತು. ಅಂದರೆ ನಿದ್ದೆಯ ಬಾಕಿ ಒಳಗೇ ಬೆಳೆಯುತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ನಡುರಾತ್ರಿ ಕಳೆದು ಎರಡು ಗಂಟೆಯಾದಾಗಲೂ ಸುಮಾರು 50 ಉಳಿದಿರುತ್ತದೆ. ಆಗ ಮಲಗಿದರೂ ಗಾಢ ನಿದ್ದೆ ಕಡಿಮೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಬೇಕಾದದ್ದೇ ಆ ನಿದ್ದೆ. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿತವಾದದ್ದು 2013ರ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಗರ್ಭಿಣಿಯರಲ್ಲಿ, ಕೊನೆಯ ತಿಂಗಳುಗಳಲ್ಲಂತೂ, ಈ ಐದು ಗಂಟೆ ಹದಿನೈದರವರೆಗೂ ಹಿಗ್ಗಬಹುದು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಕೆಫೀನ್ ನಿಧಾನವಾಗಿ ಇಳಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80–120, ಇನ್‌ಸ್ಟಂಟ್‌ನಲ್ಲಿ 50–65, ಚಹಾದಲ್ಲಿ 30–65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮೀರಬಾರದು. ಮಕ್ಕಳಿಗೆ ತೂಕದ ಕಿಲೋಗೆ 3 ಮಿಲಿಗ್ರಾಂ ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ. 50 ಕಿಲೋ ತೂಕದ ವಿದ್ಯಾರ್ಥಿಗೆ ಇಡೀ ದಿನಕ್ಕೆ 150 ಆಯಿತು, ಅಂದರೆ ಡಿಕಾಕ್ಷನ್ ಕಾಫಿಯಾದರೆ ಸುಮಾರು ಒಂದೂವರೆ ಲೋಟ. ಅದೂ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಅಭ್ಯಾಸವಾದವರು ಒಮ್ಮೆಲೇ ಬಿಟ್ಟರೆ ಮರುದಿನವೇ ತಲೆನೋವು ಹಿಡಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಡಿಕಾಕ್ಷನ್ ಕಾಲು ಭಾಗ ತಗ್ಗಿಸುತ್ತಾ ಬನ್ನಿ.

ತೊಡಕಿರುವುದು ಅಳತೆಯಲ್ಲಿ. ಕಾಫಿಯ ಎರಡು ಜಾತಿಗಳ ಪೈಕಿ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ, ಪುಡಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಇರುವುದೇ ಇಲ್ಲ. ಚಿಕೋರಿ ಶೇಕಡಾ ಎಷ್ಟೆಂದು ಪೊಟ್ಟಣದ ಮೇಲೆ ಅಚ್ಚಾಗುತ್ತದೆ; ಉಳಿದದ್ದರಲ್ಲಿ ರೊಬಸ್ಟಾ ಎಷ್ಟು, ಕೆಫೀನ್ ಎಷ್ಟು ಎಂದು ಹೆಚ್ಚಿನ ಪುಡಿಗಳ ಮೇಲೆ ಕಾಣುವುದಿಲ್ಲ. ದೇಶದ ಕಾಫಿಯ ಬಹುಪಾಲು ಬೆಳೆಯುವ ರಾಜ್ಯ ನಮ್ಮದು. ಇವೆರಡನ್ನೂ ಅಚ್ಚು ಹಾಕುವುದನ್ನು ಕಡ್ಡಾಯಗೊಳಿಸಲು ಕಾಫಿ ಮಂಡಳಿ ಮತ್ತು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮುಂದಾಗಬೇಕು.

– ಔಷಧಶಾಸ್ತ್ರ ಉಪನ್ಯಾಸಕರು, ಮೈಸೂರು