ಬುಟ್ಟಿ ಮುಚ್ಚಿಟ್ಟ ಹೆಜ್ಜೆ ಗುರುತು: ಗೃಹ ಸಚಿವರಿಗೊಂದು ಪತ್ರ

ಮಾನ್ಯ ಗೃಹ ಸಚಿವರೇ,

ಶಿರಸಿಯಿಂದ ನಮಸ್ಕಾರ.

ನಾನು ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಉಪನಯನದ ಫೋಟೊ ನನ್ನ ಹೊಟ್ಟೆಪಾಡು. ಠಾಣೆಯಿಂದ ಫೋನ್ ಬಂದರೆ ಅದೇ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತೇನೆ. ಕಳ್ಳತನ, ಅಪಘಾತ, ಕೆಲವೊಮ್ಮೆ ಶವ. ಬಿಲ್ಲಿನ ಮಾತು ಎತ್ತುವುದಿಲ್ಲ, ಎತ್ತಿದರೆ ಪತ್ರ ಜಾಸ್ತಿ ಉದ್ದವಾಗುತ್ತದೆ.

ಒಮ್ಮೆ ಪುನರ್ವಸು ಮಳೆಯ ಬೆಳಗ್ಗೆ, ಅಡಿಕೆ ಕಳುವಾದ ಮನೆಗೆ ಹೋಗಿದ್ದೆ. ಅಂಗಳದ ಕೆಸರಲ್ಲಿ ಒಂದೇ ಒಂದು ಚಪ್ಪಲಿ ಗುರುತು ಉಳಿದಿತ್ತು. ಉಳಿಸಿದ್ದು ಆ ಮನೆಯ ಅಜ್ಜಿ. ಅದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಅಡಿಕೆ ಹಾಳೆ ಮುಚ್ಚಿ, ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದರು. ಕೆಡಿಸಿದವನು ನಾನು. ಮೇಲಿಂದ ನೇರ ಫ್ಲ್ಯಾಶ್ ಹೊಡೆದೆ. ಅಳತೆಗೆಂದು ಯಾರೋ ಬೆಂಕಿಪೊಟ್ಟಣ ಇಟ್ಟರು. ಫೋಟೊದಲ್ಲಿ ಕೆಸರು ಬೆಳ್ಳಗೆ ಹೊಳೆಯಿತು, ಅಟ್ಟೆಯ ಗೆರೆ ಒಂದೂ ಕಾಣಲಿಲ್ಲ.

ಸರಿಯಾದ ಕ್ರಮ ಆಮೇಲೆ ಓದಿ ಕಲಿತೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ನೆಲದ ಹತ್ತಿರ ಓರೆಯಾಗಿ ಹಿಡಿಯಬೇಕು. ಆಗ ಗೆರೆಗಳಿಗೆ ನೆರಳು ಬೀಳುತ್ತದೆ. ಕ್ಯಾಮೆರಾ ಗುರುತಿನ ನೆತ್ತಿಯ ಮೇಲೆ, ಟ್ರೈಪಾಡಿನಲ್ಲಿ. ಒಮ್ಮೆ ಸ್ಕೇಲ್ ಇಲ್ಲದೆ, ಒಮ್ಮೆ ಗುರುತಿನ ಮಟ್ಟದಲ್ಲೇ ಸ್ಕೇಲ್ ಇಟ್ಟು. ಅದಕ್ಕೂ ಮೊದಲು ಇಡೀ ಅಂಗಳ ತೆಗೆಯಬೇಕು, ನಂತರ ಬಾಗಿಲು ಮತ್ತು ಗುರುತು ಎರಡೂ ಕಾಣುವಂತೆ. ಇಲ್ಲದಿದ್ದರೆ ಆ ಹೆಜ್ಜೆ ಯಾರ ಅಂಗಳದ್ದು ಅಂತ ವಕೀಲರು ಕೇಳುತ್ತಾರೆ, ಅಲ್ವಾ?

2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಆಗಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ. ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಸಮಯ ಕೊಟ್ಟಿದೆ. ಒಳ್ಳೆಯದೇ. ಆದರೆ ಘಟ್ಟ ಹತ್ತಿ, ಹೊಳೆ ದಾಟಿ ತಜ್ಞರು ಬರುವ ತನಕ ನಮ್ಮ ಮಳೆ ಕಾಯುವುದಿಲ್ಲ. ಮೊದಲ ಫೋಟೊ ತೆಗೆಯುವವರು ಬೀಟ್ ಪೊಲೀಸರು, ಇಲ್ಲವೇ ನನ್ನಂಥವರು. ಪ್ರತಿ ಠಾಣೆಗೂ ಒಂದು ಸ್ಕೇಲ್, ಒಂದು ಟ್ರೈಪಾಡ್, ಬಿಡಿ ಫ್ಲ್ಯಾಶ್, ಒಂದು ತಾಡಪತ್ರಿ ಕೊಡಿಸಿ. ಮಳೆಗಾಲಕ್ಕೆ ಮೊದಲು ಕಾರವಾರದಲ್ಲೋ ಶಿರಸಿಯಲ್ಲೋ ನಮ್ಮೆಲ್ಲರಿಗೂ ಎರಡು ದಿನ ತರಬೇತಿ ಕೊಡಿಸಿ.

ಇನ್ನೊಂದು ವಿಷಯ ಇದೆ. ತೆಗೆದ ಕೂಡಲೇ ‘ವಾಟ್ಸಾಪ್ ಮಾಡಿ’ ಎನ್ನುತ್ತಾರೆ. ಹಾಗೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರ ಕಳಚಿಹೋಗುತ್ತದೆ. ಫೋಟೊ ಕೋರ್ಟಿಗೆ ಹೋಗುವಾಗ ಕೊಡುವ, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ಕುಗ್ಗಿದ ಫೈಲಿನ ಹ್ಯಾಶ್ ಮೂಲದ್ದಕ್ಕೆ ಹೊಂದುವುದೇ ಇಲ್ಲ.

ಹಾಗಾಗಿ ಮೂಲ ಫೈಲುಗಳು ನನ್ನ ಹಾರ್ಡ್‌ಡಿಸ್ಕಿನಲ್ಲೇ ಉಳಿದಿವೆ. ಒಂದು ಫೋಲ್ಡರಿನಲ್ಲಿ ಯಾರದೋ ಮದುವೆ, ಅದರ ಕೆಳಗೇ ಇನ್ಯಾರದೋ ಮನೆಮಗಳ ಶವ. ಅಳಿಸಲು ಭಯ, ಇಟ್ಟುಕೊಳ್ಳಲು ಸಂಕಟ. ಇವನ್ನು ಯಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು? ಇಷ್ಟನ್ನಾದರೂ ಲಿಖಿತವಾಗಿ ತಿಳಿಸಿ.

ಇಂತಿ,
ಶಿರಸಿಯ ಒಬ್ಬ ಫೋಟೊಗ್ರಾಫರ್