ಜೀಪಿನವರ ಲೆಕ್ಕ

ಹದಿನೈದನೇ ರೇಡಿಯೇಷನ್ ಮೊನ್ನೆ ಮುಗಿಯಿತು. ಜೂನ್‌ನಿಂದ ಏನೇನಾಯಿತು ಎಂದು ನಿಮಗೆಲ್ಲ ಗೊತ್ತು. ಕತ್ತಿನ ಗಡ್ಡೆಗೆ ಹೆಸರು ಸಿಗುವ ಮೊದಲು ಹಾಳಾದ ಎರಡು ತಿಂಗಳ ಸುದ್ದಿಯೂ ಇಲ್ಲಿ ಬೇಡ.

"ನಾಲ್ಕು ಕೀಮೋಗೆ ಸ್ಕ್ಯಾನ್ ಕ್ಲಿಯರ್ ಅಂದ್ರಲ್ಲ, ಮತ್ಯಾಕೆ ಕರೆಂಟ್ ಕೊಡ್ಸೋದು?" ಎಂದು ರೇಡಿಯೇಷನ್ ಬಗ್ಗೆ ಕೇಳಿದವರು ಬಹಳ. ನನ್ನದು ಬೇಗ ಬೇಗ ಬೆಳೆಯುವ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಆದರೆ ಒಂದೇ ಕಡೆ ಕೂತಿತ್ತು. ಕೀಮೋ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ದೊಡ್ಡ ಗಡ್ಡೆಯಿದ್ದ ಜಾಗದಲ್ಲಿ ಅಳಿದುಳಿದದ್ದು ಚಿಗುರಬಾರದೆಂದು ಅಲ್ಲಿಗಷ್ಟೇ ರೇಡಿಯೇಷನ್. 1998ರ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ಕೀಮೋ ಮತ್ತು ರೇಡಿಯೇಷನ್ ಪಡೆದವರು, ಬರೀ ಎಂಟು ಕೀಮೋ ಪಡೆದವರಿಗಿಂತ ಮೊದಲ ವರ್ಷಗಳಲ್ಲಿ ಚೆನ್ನಾಗಿದ್ದರಂತೆ. ಆಮೇಲಾಮೇಲೆ ಆ ಅಂತರ ಉಳಿಯಲಿಲ್ಲ. ಈಗ ರಿಟುಕ್ಸಿಮ್ಯಾಬ್ ಎಂಬ ಔಷಧಿ ಬಂದು ಲೆಕ್ಕವೇ ಬದಲಾಗಿದೆ, ಎಲ್ಲರಿಗೂ ಎರಡೂ ಬೇಕಾಗುವುದಿಲ್ಲ. ವಿಜ್ಞಾನದ ಟೀಚರ್ ಅಲ್ಲವಾ, ಡಾಕ್ಟರನ್ನು ಕಾಡಿ ಕಾಡಿ ತಿಳಿದುಕೊಂಡದ್ದು.

ಇನ್ನು ಜೀಪಿನವರು. ಹೆಸರು ಹಾಕಬೇಡಿ ಎಂದಿದ್ದಾರೆ. ತೋಟಗಳಿಗೆ ಆಳುಗಳನ್ನು ಸಾಗಿಸುವ ಜೀಪು ಅವರದು. ನಮಗೆ ನೆಂಟರೂ ಅಲ್ಲ.

ಎರಡನೇ ಕೀಮೋ ಆಗಿ ಒಂಬತ್ತನೇ ದಿನ, ಜುಲೈ ಮಳೆ, ಮೂರು ದಿನದಿಂದ ಕರೆಂಟಿಲ್ಲ. ರಾತ್ರಿ ಹನ್ನೊಂದಕ್ಕೆ ಜ್ವರ 101 ದಾಟಿತು. 100.4 ಆದರೆ ಮಾತ್ರೆ ನುಂಗಿ ಮಲಗಬೇಡಿ, ಹೊರಟು ಬನ್ನಿ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಸೋಂಕು ತಡೆಯುವ ಬಿಳಿ ರಕ್ತಕಣ ನೆಲಕಚ್ಚುವ ದಿನಗಳವು. ಯಜಮಾನರು ಗಡಿಯಲ್ಲಿ. ಮಗಳು ಮಳೆಯಲ್ಲೇ ಓಡಿ ಜೀಪಿನವರ ಬಾಗಿಲು ಬಡಿದಳು.

ಮೈಸೂರಿನ ಆಸ್ಪತ್ರೆಗೆ ಹೊರಟು, ಕೊಡಗಿನ ಮಾದಾಪುರ ದಾಟುವಷ್ಟರಲ್ಲಿ ರಸ್ತೆಗೆ ಅಡ್ಡ ಮರ. ಅವರು ಏನೂ ಹೇಳದೆ ಇಳಿದು, ಹೆಡ್‌ಲೈಟ್ ಬೆಳಕಿನಲ್ಲಿ ಮರ ಕೊಯ್ಯುವ ಮೆಷಿನ್ ಹಿಡಿದು ಮುಕ್ಕಾಲು ಗಂಟೆ ಕೊಯ್ದರು. ಆನೆಕಾಡಿನಲ್ಲಿ ಆನೆ ಸಿಗಲಿಲ್ಲ, ಅದೊಂದು ಪುಣ್ಯ. ಪಿರಿಯಾಪಟ್ಟಣದ ಹತ್ತಿರ ನನಗೆ ಸಾಕಾಯಿತು. ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. "ತಿರುಗಿಸಿ ಅಣ್ಣ, ಮನೇಲೇ ಸಾಯ್ತೀನಿ" ಅಂದೆ. ಅಂದದ್ದು ನಿಜ, ಮುಚ್ಚಿಡುವುದಿಲ್ಲ. ಅವರು ಕನ್ನಡಿಯಲ್ಲೂ ನೋಡಲಿಲ್ಲ. "ವಾಂತಿ ಬಂದ್ರೆ ಹೇಳಿ ಟೀಚರೇ, ನಿಲ್ಲಿಸ್ತೀನಿ" ಅಂದರು, ಅಷ್ಟೇ.

ಮೈಸೂರು ಮುಟ್ಟಿದಾಗ ಮೂರು ಗಂಟೆ. ಆಂಟಿಬಯೋಟಿಕ್ ಡ್ರಿಪ್ ಏರಿತು. ಹೊರಗೆ ನರ್ಸ್ ಬೈಯುತ್ತಿದ್ದದ್ದು ಕೇಳಿಸಿತು: ನೆಲವೆಲ್ಲ ರಕ್ತ, ಯಾರಿಗೆ ಏನಾಯಿತು? ಜೀಪಿನವರ ಗಂಬೂಟಿನೊಳಗೆ ನಾಲ್ಕು ಜಿಗಣೆ, ಕುಡಿದು ದಪ್ಪಗಾಗಿದ್ದವು. ಮರ ಕೊಯ್ಯುವಾಗ ಹತ್ತಿದ್ದಿರಬೇಕು, ಅವರಿಗೆ ಗೊತ್ತೇ ಆಗಿಲ್ಲ. ರಕ್ತಕ್ಕಾಗಿ ಒದ್ದಾಡುವ ವಾರ್ಡಿನ ಬಾಗಿಲಲ್ಲೇ ಹೀಗೆ ಪೋಲು ಮಾಡಿದ್ದೀರಲ್ಲ ಎಂದು ಆಮೇಲೆ ತಮಾಷೆ ಮಾಡಿದೆ. ನಾಚಿಕೊಂಡರು. ಬೆಳಗಿನವರೆಗೆ ಬರಿಗಾಲಲ್ಲಿ ಬೆಂಚಿನ ಮೇಲೆ ಕೂತೇ ಇದ್ದರು. ಡೀಸೆಲ್ ದುಡ್ಡು ಬಿಟ್ಟು ಒಂದು ರೂಪಾಯಿ ಮುಟ್ಟಿಲ್ಲ.

ಗಂಜಿ ಕಳಿಸಿದ ಅತ್ತಿಗೆ, ನನ್ನ ಎಂಟನೇ ಕ್ಲಾಸು ಸಂಭಾಳಿಸಿದ ಸಹೋದ್ಯೋಗಿಗಳು, ತಲಕಾವೇರಿಯಿಂದ ತೀರ್ಥ ತಂದುಕೊಟ್ಟವರು, ಆಸ್ಪತ್ರೆಯ ಎಲ್ಲರೂ, ನಿಮ್ಮ ಋಣ ದೊಡ್ಡದು. ಬಾಯಿ ಇನ್ನೂ ಒಣಗುತ್ತದೆ, ಹುಳಿಹುಳಿ ಕಾಚಂಪುಳಿ ಹಾಕಿದ ಸಾರೂ ಸಪ್ಪೆ. ಊಟಕ್ಕೆ ಕರೆಯುವವರು ಸ್ವಲ್ಪ ದಿನ ತಾಳಿ.

ಮೊನ್ನೆ ಕರೆದುಕೊಂಡು ಬಂದದ್ದೂ ಅವರೇ. ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ ಬಿಗಿದ ಮಾಸ್ಕಿನ ಬಲೆಯ ಅಚ್ಚು ಮುಖದ ಮೇಲೆ ಹಾಗೇ ಇತ್ತು. ಮಾದಾಪುರದ ಬಳಿ ಜೀಪು ನಿಧಾನ ಮಾಡಿ ರಸ್ತೆ ಬದಿಯ ತುಂಡುಗಳನ್ನು ತೋರಿಸಿದರು. "ನೋಡಿ ಟೀಚರೇ, ನಮ್ಮ ಮರ. ಅಣಬೆ ಬಂದಿದೆ."